ಮೋಡದಡಿಯ ಹಡಗುಗಳು

ಹಡಗುಗಳು ಹೆಚ್ಚು ಹೊರಟಿದ್ದವು, ಟ್ಯಾಂಕುಗಳಲ್ಲಿ ಎಣ್ಣೆ ಮಾತ್ರ ಇಳಿದಿರಲಿಲ್ಲ. ಸಾಂಟಾ ಕ್ಲಾರಾದ ನಮ್ಮ ಆಫೀಸಿನಲ್ಲಿ ಆ ಬೆಳಿಗ್ಗೆಯೆಲ್ಲ ಲೆಕ್ಕ ಎಲ್ಲಿ ತಪ್ಪಿದೆ ಎಂದು ಹುಡುಕುತ್ತಾ ಕೂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಲೆಕ್ಕ ತಪ್ಪಿಲ್ಲ ಎಂದು ಖಾತ್ರಿಯಾಯಿತು. ತಂದಿದ್ದ ಊಟದ ಡಬ್ಬಿಯನ್ನು ಆ ದಿನ ಹಾಗೇ ಮನೆಗೆ ವಾಪಸು ಒಯ್ದೆ.

ನಮ್ಮದು ಸಣ್ಣ ಕಂಪನಿ. ಉಪಗ್ರಹಗಳು ತೆಗೆದ ಚಿತ್ರಗಳನ್ನು ಕೊಂಡು, ಯಾವ ಬಂದರಿನಲ್ಲಿ ಎಷ್ಟು ಕಚ್ಚಾ ತೈಲ ಇದೆ, ಎಷ್ಟು ಹೊರಗೆ ಹೋಯಿತು ಎಂದು ಅಂದಾಜು ಮಾಡಿ ಮಾರುವುದು ನಮ್ಮ ಕೆಲಸ. ಕಚ್ಚಾ ತೈಲದ ದೊಡ್ಡ ಟ್ಯಾಂಕುಗಳಿಗೆ ಗಟ್ಟಿ ಛಾವಣಿ ಇರುವುದಿಲ್ಲ. ಮುಚ್ಚಳ ಎಣ್ಣೆಯ ಮೇಲೆಯೇ ತೇಲುತ್ತಿರುತ್ತದೆ. ಎಣ್ಣೆ ಇಳಿದರೆ ಮುಚ್ಚಳವೂ ಇಳಿಯುತ್ತದೆ, ಆಗ ಗೋಡೆಯ ನೆರಳು ಟ್ಯಾಂಕಿನ ಒಳಗೆ ಬೀಳುತ್ತದೆ. ಹೊರಗೆ ನೆಲದ ಮೇಲೆ ಬಿದ್ದ ನೆರಳಿನಿಂದ ಗೋಡೆಯ ಪೂರ್ತಿ ಎತ್ತರ ಸಿಗುತ್ತದೆ, ಒಳಗಿನ ನೆರಳಿನಿಂದ ಎಷ್ಟು ಖಾಲಿ ಎಂದು ಸಿಗುತ್ತದೆ. ಎರಡನ್ನೂ ಹೋಲಿಸಿದರೆ ಟ್ಯಾಂಕು ಎಷ್ಟು ತುಂಬಿದೆ ಎಂದು ಇಲ್ಲಿ ಕೂತೇ ಹೇಳಬಹುದು.

ಇದನ್ನು ಯಾರು ಕೊಳ್ಳುತ್ತಾರೆ ಎಂದು ನೆಂಟರು ಕೇಳುತ್ತಾರೆ. ತೈಲ ರಫ್ತು ಮಾಡುವ ದೇಶಗಳು ಬೆಲೆ ಬೀಳದಿರಲಿ ಎಂದು ಒಟ್ಟಿಗೆ ಕೂತು, ಯಾರು ಎಷ್ಟು ತೆಗೆಯಬೇಕು ಅಂತ ಒಪ್ಪಂದ ಮಾಡಿಕೊಳ್ಳುತ್ತವೆ. ಒಬ್ಬೊಬ್ಬರಿಗೂ ಒಂದು ಮಿತಿ. ಮಿತಿಯನ್ನು ಎಲ್ಲರೂ ಪಾಲಿಸಿದರೆ ಬೆಲೆ ನಿಲ್ಲುತ್ತದೆ. ಬೆಲೆ ನಿಂತ ಕೂಡಲೇ, ಉಳಿದವರು ಪಾಲಿಸಲಿ, ನಾನು ಸ್ವಲ್ಪ ಹೆಚ್ಚು ತೆಗೆದು ಮಾರುತ್ತೇನೆ ಅನ್ನುವ ಆಸೆಯೂ ಎಲ್ಲರಿಗೂ ಹುಟ್ಟುತ್ತದೆ. ಆದ್ದರಿಂದ ಒಬ್ಬರು ಕೊಟ್ಟ ಲೆಕ್ಕವನ್ನು ಇನ್ನೊಬ್ಬರು ನಂಬುವುದಿಲ್ಲ. ಹೊರಗಿನ ಕೆಲವು ಏಜೆನ್ಸಿಗಳ ಅಂದಾಜನ್ನು ತೆಗೆದುಕೊಂಡು, ಅದರ ಸರಾಸರಿಯನ್ನೇ ಪ್ರಮಾಣವೆಂದು ಇಟ್ಟುಕೊಳ್ಳುತ್ತಾರೆ. ಮಿತಿ ಮೀರಿದ್ದು ಕಂಡರೆ ಆ ದೇಶ ಮುಂದಿನ ತಿಂಗಳುಗಳಲ್ಲಿ ಅಷ್ಟನ್ನು ಕಡಿಮೆ ತೆಗೆದು ಸರಿದೂಗಿಸಬೇಕು. ಅಂಥ ಒಂದು ಏಜೆನ್ಸಿ, ಯುರೋಪಿನದು, ನಮ್ಮ ಅಂಕಿಗಳನ್ನು ಪರೀಕ್ಷೆಗೆಂದು ತರಿಸಿಕೊಳ್ಳುತ್ತಿತ್ತು. ಒಪ್ಪಿಗೆಯಾದರೆ ಕಂಪನಿಗೆ ದೊಡ್ಡ ಹೆಸರು. ನನ್ನ ಪಾಲಿಗೆ ಬಂದಿದ್ದು ಗಲ್ಫಿನ ಒಂದು ದೇಶ.

ಆ ದೇಶದ ಬಂದರಿನಲ್ಲಿ, ಹಡಗುಗಳಿಗೆ ಎಣ್ಣೆ ತುಂಬಿಸುವ ಜೆಟ್ಟಿಯ ಮೇಲೆ, ನನ್ನ ಅಣ್ಣ ಕೆಲಸ ಮಾಡುತ್ತಿದ್ದ.

ಇದೇನು ಗುಟ್ಟಲ್ಲ. ನಾವು ಉಡುಪಿ ಕಡೆಯವರು. ನಮ್ಮ ಬಳಗದಲ್ಲಿ ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಮನೆಯಿಲ್ಲ. ಆ ದೇಶವನ್ನು ನನಗೆ ವಹಿಸಿದ ದಿನವೇ ನನ್ನ ಮ್ಯಾನೇಜರ್‌ಗೆ ಹೇಳಿದ್ದೆ. ಅವರು ಮಂಡ್ಯದವರು, ಈ ಊರಿಗೆ ಬಂದು ಬಹಳ ವರ್ಷವಾಗಿತ್ತು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರೂ ಅವರೇ.

"ಅವರು ಎಣ್ಣೆ ತುಂಬಿಸ್ತಾರೆ, ನೀವು ನೆರಳು ಅಳೀತೀರ. ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?" ಎಂದು ನಕ್ಕಿದ್ದರು. "ಇಂಥ ಸಣ್ಣ ಟೀಮಲ್ಲಿ ಬೇರೆ ಯಾರಿಗೆ ಕೊಡ್ಲಿ ಹೇಳಿ."

ಈಗ ಅದೇ ಬಂದರಿನ ಲೆಕ್ಕ ಹೊಂದುತ್ತಿರಲಿಲ್ಲ. ಇಷ್ಟೊಂದು ಹಡಗು ತುಂಬಿಕೊಂಡು ಹೋಗಿವೆ, ಆದರೂ ಟ್ಯಾಂಕುಗಳು ಇಳಿದಿಲ್ಲ ಎಂದರೆ ಬಾವಿಗಳಿಂದ ಮಿತಿ ಮೀರಿ ತೈಲ ಬಂದಿದೆ ಎಂದೇ ಅರ್ಥ. ಏಜೆನ್ಸಿ ಆ ದೇಶದವರನ್ನು ಕೇಳಿತು. ಹೆಚ್ಚಿಗೆ ಹೋದ ಹಡಗುಗಳಲ್ಲಿ ಇದ್ದದ್ದು ಕಚ್ಚಾ ತೈಲವಲ್ಲ, ಕಂಡೆನ್ಸೇಟು ಎಂದು ಉತ್ತರ ಬಂತು. ಅನಿಲದ ಬಾವಿಗಳಿಂದ ಅನಿಲದ ಜೊತೆ ಬರುವ ತೆಳು ಎಣ್ಣೆ ಅದು. ಒಪ್ಪಂದದ ಮಿತಿಗೆ ಅದು ಸೇರುವುದಿಲ್ಲ, ಎಷ್ಟು ಬೇಕಾದರೂ ಮಾರಬಹುದು. ಅದನ್ನಿಡುವ ಟ್ಯಾಂಕುಗಳಿಗೆ ಗುಮ್ಮಟದಂಥ ಗಟ್ಟಿ ಛಾವಣಿ. ಒಳಗಿನ ನೆರಳು ಕಾಣುವುದಿಲ್ಲ. ಅವರು ಹೇಳಿದ್ದು ನಿಜವೂ ಇರಬಹುದು, ಸುಳ್ಳೂ ಇರಬಹುದು. ನನ್ನ ವಿಧಾನಕ್ಕೆ ಅದನ್ನು ಹೇಳುವ ಕಣ್ಣೇ ಇರಲಿಲ್ಲ.

ಮೊದಲು ಹಡಗುಗಳು ತಾವೇ ರೇಡಿಯೋದಲ್ಲಿ ಕಳಿಸುವ ಮಾಹಿತಿ ನೋಡಿದೆ. ಎಷ್ಟು ಆಳ ಮುಳುಗಿದ್ದೇವೆ ಎಂದು ಅದರಲ್ಲಿ ಇರುತ್ತದೆ. ಕಚ್ಚಾ ತೈಲ ಭಾರ, ಕಂಡೆನ್ಸೇಟು ಹಗುರ. ಒಂದೇ ಹಡಗನ್ನು ಪೂರ್ತಿ ತುಂಬಿದರೂ ಕಂಡೆನ್ಸೇಟಿಗೆ ಅದು ಮುಳುಗುವುದು ಕಡಿಮೆ. ಆದರೆ ಆ ಆಳವನ್ನು ಕೈಯಿಂದ ನಮೂದಿಸುವವರು ಹಡಗಿನವರು. ಕೆಲವರು ಹೋಗುವಾಗಲೂ ಬರುವಾಗಲೂ ಅದೇ ಅಂಕಿ ಇಟ್ಟುಬಿಟ್ಟಿದ್ದರು. ಅಷ್ಟು ದಿನದ ಕೆಲಸ ಮಣ್ಣುಪಾಲಾಯಿತು.

ಆಮೇಲೆ ಹೊಳೆದದ್ದು ಹಡಗಿನದೇ ನೆರಳು. ಕಡಿಮೆ ಮುಳುಗಿದ ಹಡಗಿನ ಮೈ ನೀರಿನಿಂದ ಹೆಚ್ಚು ಮೇಲೆ ಇರುತ್ತದೆ, ನೀರಿನ ಮೇಲೆ ಅದರ ನೆರಳೂ ಉದ್ದ ಬೀಳುತ್ತದೆ. ಟ್ಯಾಂಕಿಗೆ ಮಾಡುವುದನ್ನೇ ಹಡಗಿಗೆ ಮಾಡಬಹುದು. ಆದರೆ ನೆಲದ ಮೇಲಿನ ನೆರಳಿಗೂ ಅಲೆಯ ಮೇಲಿನ ನೆರಳಿಗೂ ಬಹಳ ವ್ಯತ್ಯಾಸ. ಅಂಚು ಎಲ್ಲಿ ಮುಗಿಯಿತು ಎಂದೇ ತಿಳಿಯುವುದಿಲ್ಲ. ನನ್ನ ಅಳತೆ ಎಷ್ಟು ಸರಿ ಎಂದು ನೋಡಲು, ನಿಜವಾದ ಆಳ ಗೊತ್ತಿರುವ ಹಡಗುಗಳು ಬೇಕಿತ್ತು.

ಅವು ನಮ್ಮ ಮನೆಯಿಂದ ಒಂದು ತಾಸಿನ ದಾರಿಯಲ್ಲೇ ಇದ್ದವು. ಮಾರ್ಟಿನೆಜ್ ಕಡೆಯ ರಿಫೈನರಿಗಳಿಗೆ ತೈಲದ ಹಡಗುಗಳು ಬರುತ್ತವೆ. ಹಡಗಿನ ಮೈಮೇಲೆ, ಹಿಂದೆ ಮುಂದೆ, ಎಷ್ಟು ಮುಳುಗಿದೆ ಎಂದು ಓದಲು ದೊಡ್ಡ ಬಿಳಿ ಅಂಕಿಗಳಿರುತ್ತವೆ. ಶನಿವಾರ ನಾನೂ ನನ್ನ ಗಂಡನೂ ನಾವಿದ್ದ ಬೆರ್ರಿಯೆಸಾದಿಂದ ಕಾರು ಹೊರಡಿಸಿ, ಫ್ರೀವೇ ಹಿಡಿದು, ನೀರಿನ ದಡಕ್ಕೆ ಹೋದೆವು. ದುರ್ಬೀನು, ದೊಡ್ಡ ಲೆನ್ಸಿನ ಕ್ಯಾಮೆರಾ, ಚಿತ್ರಾನ್ನ. ನನ್ನ ಗಂಡ ಹಾಸನದವನು. ಅವನ ಕಂಪನಿಯಲ್ಲಿ ಅವನ ಟೀಮನ್ನೇ ತೆಗೆದುಹಾಕಿದ್ದರು. ಈಗ ನಾವು ಮೂವರೂ, ಇಲ್ಲೇ ಶಾಲೆಗೆ ಹೋಗುವ ಮಗಳೂ ಸೇರಿ, ನನ್ನ ವೀಸಾದ ಮೇಲೆ ಇಲ್ಲಿದ್ದೆವು. ನನ್ನ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಸಿಗುವ ಸಮಯ ತೀರಾ ಕಡಿಮೆ. ಇದನ್ನು ನಾವು ಮಗಳ ಮುಂದೆ ಮಾತಾಡುತ್ತಿರಲಿಲ್ಲ. ಆದರೂ ಒಂದು ದಿನ ಅವಳು ಊಟದ ಮಧ್ಯೆ, "ಅಮ್ಮಾ, ಆರ್ ವೀ ಮೂವಿಂಗ್?" ಎಂದು ಕೇಳಿದ್ದಳು.

ದಡದಲ್ಲಿ ಮಂಜು ಮುಸುಕಿತ್ತು. ಉಪಗ್ರಹ ನಮ್ಮ ಮೇಲೆ ಹಾದುಹೋಗುವ ಹೊತ್ತಿಗೆ ಹಡಗು ನಮಗೂ ಕಾಣಲಿಲ್ಲ, ಅದಕ್ಕೂ ಕಾಣಲಿಲ್ಲ. ಮುಂದಿನ ವಾರವೂ ಅದೇ ಹಣೆಬರಹ. ಮೂರನೆಯ ಸಲ ಬಿಸಿಲು ಬಂತು. ತುಂಬಿ ಬಂದ ಒಂದು ಹಡಗು, ಖಾಲಿಯಾಗಿ ಹೊರಟ ಒಂದು ಹಡಗು. ನನ್ನ ಗಂಡ ದುರ್ಬೀನಿನಲ್ಲಿ ಅಂಕಿ ಓದಿ ಕೂಗುತ್ತಿದ್ದ, ನಾನು ಫೋಟೋ ತೆಗೆಯುತ್ತಿದ್ದೆ. ಹಾಗೇ ಮತ್ತಷ್ಟು ವಾರಾಂತ್ಯಗಳು ಕಳೆದವು. ಕೊನೆಗೆ ಉಪಗ್ರಹದ ಚಿತ್ರದಲ್ಲಿ ಅಳೆದ ನೆರಳಿಗೂ ಮೈಮೇಲಿನ ಅಂಕಿಗೂ ಹೊಂದಿಕೆ ಕೂಡಿಬಂತು. ಗಾಳಿ ಜೋರಿದ್ದ ದಿನ ತಪ್ಪುತ್ತಿತ್ತು. ಉಳಿದ ದಿನ, ಭಾರದ ಹಡಗು ಯಾವುದು ಹಗುರದ್ದು ಯಾವುದು ಎಂದು ಬೇರೆ ಮಾಡುವಷ್ಟು ನಿಖರವಾಗಿತ್ತು.

"ಸಿಕ್ತಲ್ಲ ಕಣೇ," ಅಂದ ನನ್ನ ಗಂಡ. ಅವತ್ತು ಬರುವಾಗ ಎಲ್ ಕಮಿನೋ ರಸ್ತೆಯಲ್ಲಿ ದೋಸೆ ತಿಂದೆವು. ಬಹಳ ದಿನದ ಮೇಲೆ ನನಗೆ ಹಸಿವಾಗಿತ್ತು.

ಸಿಕ್ಕಿದ್ದನ್ನು ಗಲ್ಫಿನ ಬಂದರಿಗೆ ಹಚ್ಚಿದೆ. ಹೆಚ್ಚಿಗೆ ಹೋದವುಗಳಲ್ಲಿ ಕೆಲವು ಹಡಗು ಖಂಡಿತವಾಗಿ ಹಗುರ, ಆ ದೇಶದವರು ಹೇಳಿದ್ದು ಅವುಗಳ ಮಟ್ಟಿಗೆ ನಿಜ. ಕೆಲವು ಖಂಡಿತವಾಗಿ ಭಾರ, ಅವುಗಳ ಮಟ್ಟಿಗೆ ಸುಳ್ಳು. ಉಳಿದ ಕೆಲವು ಹಡಗುಗಳು ಹೊರಟ ದಿನಗಳಲ್ಲಿ ಬಂದರಿನ ಮೇಲೆ ದಟ್ಟ ಮೋಡ. ಮೋಡ ದಾಟಿ ನೋಡುವ ರೇಡಾರಿನ ಚಿತ್ರದಲ್ಲಿ ಹಡಗು ಇದೆ ಎಂದು ಕಂಡಿತೇ ಹೊರತು ಎಷ್ಟು ಮುಳುಗಿದೆ ಎಂದು ಕಾಣಲಿಲ್ಲ. ಆ ದೇಶ ಮಿತಿಯನ್ನು ಮೀರಿದ್ದು ಸ್ವಲ್ಪವೋ ಬಹಳವೋ ಎಂದು ತೀರ್ಮಾನವಾಗಬೇಕಾಗಿದ್ದುದೇ ಆ ಹಡಗುಗಳಿಂದ.

ಮ್ಯಾನೇಜರ್ ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.

"ಕಂಡಿರೋದರಲ್ಲಿ ಎಷ್ಟು ಭಾಗ ಭಾರ, ಎಷ್ಟು ಹಗುರ ಇದ್ಯೋ, ಕಾಣದ್ದನ್ನೂ ಅದೇ ಪ್ರಮಾಣದಲ್ಲಿ ಹಂಚಿಬಿಡಿ. ಒಂದು ನಂಬರ್ ಬರುತ್ತೆ. ಎಲ್ಲರೂ ಹಾಗೇ ಮಾಡೋದು."

"ಅದು ಬೇರೆ ಕಡೆ ಸರಿ. ಇಲ್ಲಿ ಆಗಲ್ಲ," ಅಂದೆ. "ಬಂದರಿನವರು ಒಂದು ವಾರ ಪೂರ್ತಿ ಒಂದೇ ಎಣ್ಣೆ ತುಂಬಿಸ್ತಾರೆ. ಪೈಪು ತೊಳೆದು ಇನ್ನೊಂದಕ್ಕೆ ಬದಲಾಯಿಸೋದು ಕಷ್ಟ. ಮೋಡ ಇದ್ದದ್ದು ಒಂದೇ ವಾರ. ಆ ಹಡಗುಗಳು ಎಲ್ಲವೂ ಭಾರ, ಇಲ್ಲ ಎಲ್ಲವೂ ಹಗುರ. ಅರ್ಧಂಬರ್ಧ ಆಗಿರೋಕೆ ಸಾಧ್ಯವೇ ಇಲ್ಲ. ನೀವು ಹೇಳೋ ನಂಬರ್ ಒಂದೇ ಖಂಡಿತ ತಪ್ಪು."

ಅವರು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. ಆಮೇಲೆ ದನಿ ತಗ್ಗಿಸಿದರು.

"ನಿಮ್ಮ ಅಣ್ಣ ಅಲ್ಲೇ ಇದಾರಲ್ವಾ?"

ನಾನು ಪರದೆಯ ಮೇಲಿನ ಚಿತ್ರವನ್ನು ಮುಚ್ಚಿದೆ. ಅವರೇ ಮುಂದುವರಿಸಿದರು.

"ಮನೆ ಮಾತಿನ ಥರ ಒಂದು ಮಾತು ಕೇಳಿ ನೋಡಿ. ಆ ವಾರ ಏನ್ ಕೆಲಸ ಇತ್ತಣ್ಣ ಅಂತ. ನಾನು ಕೇಳಿಲ್ಲ, ನೀವು ಹೇಳಿಲ್ಲ."

"ಗೊತ್ತಾದರೆ ಅಲ್ಲಿ ಅವನನ್ನು ಜೈಲಿಗೆ ಹಾಕ್ತಾರೆ."

"ಯಾರಿಗೆ ಗೊತ್ತಾಗುತ್ತೆ?"

ಆ ದೇಶದ ಕೆಲಸದಿಂದ ನನ್ನನ್ನು ಬಿಡಿಸಿ ಎಂದು ಆಗಲೇ ಕೇಳಿಕೊಂಡೆ. ಅವರಿಗೆ ಕೋಪ ಬರಲಿಲ್ಲ. ಕೋಪ ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಬಿಡಿಸಿದ್ರೆ ಮಾಡೋರು ಯಾರು? ಹಡಗಿನ ನೆರಳು ಅಳೆಯೋದು ನಿಮಗೊಬ್ಬರಿಗೇ ಬರೋದು. ಈ ಪರೀಕ್ಷೆಲಿ ಬಿದ್ದೋದ್ರೆ ನಿಮ್ಮ ಟೀಮನ್ನ ಇಟ್ಕೋತಾರೋ ಇಲ್ವೋ ನನಗೇ ಗೊತ್ತಿಲ್ಲ. ನಿಮ್ಮ ಗ್ರೀನ್‌ಕಾರ್ಡಿನ ಪೇಪರ್ಸ್ ಲಾಯರ್ ಹತ್ರ ಇದೆ. ನಾನು ಹೆದರಿಸ್ತಿಲ್ಲ. ಇರೋದು ಹೇಳ್ತಿದೀನಿ."

ಅವರು ಹೆದರಿಸುತ್ತಿರಲಿಲ್ಲ ಎಂದೇ ಈಗಲೂ ನಂಬುತ್ತೇನೆ. ಅವರ ಮೇಲೆಯೂ ಒಬ್ಬರಿದ್ದರು. ಆದರೆ ಕಷ್ಟಪಟ್ಟು ಕಲಿತ ವಿದ್ಯೆಯೇ ಬಾಗಿಲಿಗೆ ಅಡ್ಡ ಹಾಕಿದ ಅಗುಳಿಯಾಗಬಹುದು ಎಂದು ನನಗೆ ಗೊತ್ತಾದದ್ದು ಆವತ್ತು. ನಾನಿಲ್ಲದೆ ಕೆಲಸ ನಡೆಯದು, ಆದ್ದರಿಂದ ಅವರು ಬಿಡುವುದಿಲ್ಲ. ಕೆಲಸವಿಲ್ಲದೆ ನಮಗೆ ಇಲ್ಲಿ ಇರಲಾಗದು, ಆದ್ದರಿಂದ ನನಗೂ ಬಿಡಲಾಗುವುದಿಲ್ಲ.

ಭಾನುವಾರ ಬೆಳಿಗ್ಗೆ ಅಣ್ಣ ಫೋನು ಮಾಡಿದ. ಅಲ್ಲಿಗೆ ಸಂಜೆ. ವಾರಕ್ಕೊಮ್ಮೆ ಮಾತಾಡುವುದು ಮೊದಲಿನಿಂದ ಇದ್ದ ರೂಢಿ. ನಾವು ಮಾತಾಡುವುದು ತುಳುವಿನಲ್ಲಿ. ಅತ್ತಿಗೆಯ ಸುದ್ದಿ, ಊರಿನ ಬಾವಿಯ ಸುದ್ದಿ ಆಯಿತು. ನಾನು ಪಾತ್ರೆ ತೊಳೆಯುತ್ತಾ ಕೇಳುತ್ತಿದ್ದೆ.

"ನೀನೆಂತ ಮಾತೇ ಆಡುವುದಿಲ್ಲ?" ಅಂದ.

"ಸುಸ್ತು ಅಣ್ಣ. ಕೆಲಸ."

"ನಮಗೂ ಹಾಗೇ ಮಾರಾಯ್ತಿ. ಹೋದ ತಿಂಗಳು ಒಂದು ವಾರ ಉಸಿರು ಬಿಡ್ಲಿಕ್ಕೆ ಪುರುಸೊತ್ತಿಲ್ಲ. ಮೋಡ, ಸೆಕೆ, ಒಂದರ ಹಿಂದೆ ಒಂದು ಹಡಗು. ಅದರಲ್ಲಿಯೂ ಎಲ್ಲ..."

ನಾನು ಫೋನು ಕಟ್ ಮಾಡಿದೆ. ಕೈಯ ಸೋಪು ಪರದೆಗೆ ಹತ್ತಿತ್ತು. ಮತ್ತೆ ರಿಂಗಾಯಿತು, ತೆಗೆಯಲಿಲ್ಲ. 'ಎಂತಾಯ್ತು?' ಎಂದು ಮೆಸೇಜು ಬಂತು. 'ಆಮೇಲೆ ಹೇಳ್ತೇನೆ' ಎಂದು ಬರೆದೆ. ಏನೆಂದು ಹೇಳುವುದು? ನಿನ್ನ ಬಂದರನ್ನು ಅಳೆಯುವವಳು ನಾನೇ ಎಂದು ಹೇಳಿದರೂ ತಪ್ಪು, ಹೇಳದೆ ಅವನ ಮಾತು ಕೇಳಿದರೂ ತಪ್ಪು. 'ಎಲ್ಲ' ಎಂಬ ಪದದ ಮುಂದಿನ ಪದ ಒಂದಿದ್ದರೆ ನನ್ನ ಲೆಕ್ಕ ಮುಗಿಯುತ್ತಿತ್ತು. ಅದನ್ನು ಕೇಳಬೇಕೆಂದು ನನಗೆಷ್ಟು ಆಸೆಯಿತ್ತು ಎನ್ನುವುದೇ ನನ್ನನ್ನು ಹೆದರಿಸಿತು. ಮುಂದಿನ ವಾರಗಳಲ್ಲಿ ಅವನ ಫೋನು ತೆಗೆಯಲೇ ಇಲ್ಲ. ಅತ್ತಿಗೆ ನನ್ನ ಗಂಡನಿಗೆ ಫೋನು ಮಾಡಿ, ಅಣ್ಣನ ಮೇಲೆ ನನಗೆ ಏನಾದರೂ ಬೇಸರವಾ ಎಂದು ಕೇಳಿದರಂತೆ. ಇಲ್ಲ ಅಂದನಂತೆ. ಬೇರೆ ಏನು ಹೇಳಿಯಾನು?

ಏಜೆನ್ಸಿಯ ಜೊತೆ ಕೊನೆಯ ಮೀಟಿಂಗು ವಿಡಿಯೋದಲ್ಲಿ ನಡೆಯಿತು. ಗಾಜಿನ ಕೋಣೆಯಲ್ಲಿ ನಾನು, ಎದುರಿಗೆ ಮ್ಯಾನೇಜರ್. ಪರದೆಯ ಮೇಲೆ ಏಜೆನ್ಸಿಯ ಮುಖ್ಯಸ್ಥೆ, ಬಿಳಿ ಕೂದಲಿನ ಹೆಂಗಸು, ಮತ್ತು ಆ ದೇಶದ ಪರವಾಗಿ ಒಬ್ಬ ಹಿರಿಯ ಎಂಜಿನಿಯರ್. ಯಾವ ದೇಶದ ಮೇಲೆ ಅಂದಾಜು ಕಟ್ಟುತ್ತಾರೋ ಅವರ ಮಾತನ್ನೂ ಕೇಳುವುದು ಏಜೆನ್ಸಿಯ ಕ್ರಮ. ನಾವು ಕಳಿಸಿದ ಪುಟದಲ್ಲಿ ಒಂದೇ ಒಂದು ಅಂಕಿ ಇತ್ತು. ಪ್ರಮಾಣದಲ್ಲಿ ಹಂಚಿದ ಅಂಕಿ. ಕಳಿಸಿದವರು ಮ್ಯಾನೇಜರ್, ನನಗೆ ಗೊತ್ತಾದದ್ದು ಅವತ್ತು ಬೆಳಿಗ್ಗೆ.

ಎಂಜಿನಿಯರ್ ಬಹಳ ಮರ್ಯಾದೆಯಿಂದ ಮಾತಾಡಿದರು. ಹೆಚ್ಚಿಗೆ ಹೋದದ್ದೆಲ್ಲ ಕಂಡೆನ್ಸೇಟೇ ಎಂದರು. ನಾನು ವಿಧಾನ ವಿವರಿಸಿದೆ. ಮಾರ್ಟಿನೆಜ್ ದಡದ ಫೋಟೋಗಳನ್ನು ತೋರಿಸಿದಾಗ ಅವರು ಮುಂದಕ್ಕೆ ಬಾಗಿ ನೋಡಿದರು. ಭಾರದ ಹಡಗುಗಳ ಚಿತ್ರ ತೋರಿಸಿದಾಗ ಕುರ್ಚಿಗೆ ಹಿಂದಕ್ಕೆ ಒರಗಿದರು.

ಬಿಳಿ ಕೂದಲಿನ ಹೆಂಗಸು ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ಕೇಳಿದರು: "ಈ ಅಂಕಿಗೆ ನೀವು ಹೊಣೆ ಹೊರುತ್ತೀರಾ?"

ಮ್ಯಾನೇಜರ್ ಎದುರಿನಿಂದ ಸಣ್ಣಗೆ ತಲೆಯಾಡಿಸಿದರು, ಹೂಂ ಅನ್ನಿ ಎಂಬಂತೆ. ಗಾಜಿನಾಚೆ ಸಹೋದ್ಯೋಗಿಗಳು ಕಾಫಿ ಹಿಡಿದು ಓಡಾಡುತ್ತಿದ್ದರು. ನನ್ನ ಗಂಡ, ಮಗಳು, ಬಾಡಿಗೆಯ ಅಪಾರ್ಟ್‌ಮೆಂಟು, ಎಲ್ಲವೂ ಆ ಒಂದು 'ಹೂಂ'ನ ಆಚೆ ನಿಂತಿದ್ದವು.

"ಇಲ್ಲ," ಅಂದೆ. "ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಹೇಳಬಲ್ಲೆ. ಮೋಡದಡಿಯ ಹಡಗುಗಳಲ್ಲಿ ಏನಿತ್ತು ಎಂದು ನನಗೆ ಗೊತ್ತಿಲ್ಲ. ಈ ಪುಟದಲ್ಲಿರುವ ಅಂಕಿ ಎರಡರ ಮಧ್ಯದ್ದು. ನಿಜವಾದ ಅಂಕಿ ಮಧ್ಯದ್ದು ಆಗಿರಲು ಸಾಧ್ಯವಿಲ್ಲ." ಯಾಕೆ ಎಂದೂ ವಿವರಿಸಿದೆ.

ಎಂಜಿನಿಯರ್ ಕೇಳಿದರು: "ಗೊತ್ತಿಲ್ಲ ಅನ್ನುವುದಾದರೆ ನಮ್ಮ ಮಾತನ್ನು ಯಾಕೆ ನಂಬುವುದಿಲ್ಲ?"

"ಕಂಡ ಹಡಗುಗಳ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ನಿಜವಾಗಿರಲಿಲ್ಲ," ಅಂದೆ.

ಹೆಂಗಸು ಧನ್ಯವಾದ ಹೇಳಿದರು. ಪರದೆ ಕಪ್ಪಾಯಿತು. ಮ್ಯಾನೇಜರ್ ಎದ್ದು ಕುರ್ಚಿಯನ್ನು ಮೇಜಿನಡಿಗೆ ತಳ್ಳಿದರು. "ನೀವು ಸರಿ ಇರಬಹುದು," ಅಂದರು. "ಆದರೆ ಸರಿಯನ್ನ ಯಾರು ಕೊಂಡ್ಕೊಳ್ತಾರೆ?"

ಏಜೆನ್ಸಿ ಪರೀಕ್ಷೆಯನ್ನು ಮುಂದುವರಿಸಲಿಲ್ಲ. ಒಂದು ಅಂಕಿ ಕಳಿಸಿ ಇನ್ನೊಂದು ಹೇಳುವ ಕಂಪನಿ ಅವರಿಗೆ ಬೇಡವಾಯಿತು. ನನ್ನ ಕೆಲಸ ಹೋಗುತ್ತದೆ ಎಂದು ಕಾದೆ. ಹೋಗಲಿಲ್ಲ. ಹಡಗಿನ ನೆರಳು ಅಳೆಯುವ ವಿಧಾನ ಬೇರೆ ಗಿರಾಕಿಗಳಿಗೆ ಬೇಕಾಗಿತ್ತು. ಆದರೆ ಮ್ಯಾನೇಜರ್ ನನ್ನ ಹತ್ತಿರ ಕನ್ನಡದಲ್ಲಿ ಮಾತಾಡುವುದನ್ನು ನಿಲ್ಲಿಸಿದರು. ಗ್ರೀನ್‌ಕಾರ್ಡಿನ ವಿಷಯ ಕೇಳಿದಾಗಲೆಲ್ಲ ಇಂಗ್ಲಿಷಿನಲ್ಲಿ, ಪ್ರಕ್ರಿಯೆಯಲ್ಲಿದೆ ಎಂಬ ಒಂದೇ ಉತ್ತರ.

ಮುಂದೆ ರಫ್ತು ದೇಶಗಳ ಸಭೆಯಲ್ಲಿ ಆ ದೇಶದ ಮಂತ್ರಿ, ಮಿತಿ ಮೀರಿದ್ದನ್ನು ತಾವೇ ಒಪ್ಪಿಕೊಂಡರು. ಮುಂದಿನ ತಿಂಗಳುಗಳಲ್ಲಿ ಕಡಿಮೆ ತೆಗೆದು ಸರಿದೂಗಿಸುತ್ತೇವೆ ಎಂದರು. ಎಷ್ಟು ಮೀರಿದ್ದು ಎಂದು ಹೇಳಲಿಲ್ಲ. ಇಲ್ಲಿ ಗ್ಯಾಸ್ ಸ್ಟೇಷನ್ನಿನ ಬೋರ್ಡಿನಲ್ಲಿ ಬೆಲೆ ಏರಿತು. ಅಲ್ಲಿ ಬಂದರಿಗೆ ಹಡಗು ಕಡಿಮೆಯಾದವು. ಜೆಟ್ಟಿಯಲ್ಲಿ ಒಂದು ಪಾಳಿ ನಿಲ್ಲಿಸಿದರು. ಗುತ್ತಿಗೆ ಮುಗಿದವರನ್ನು ಮತ್ತೆ ತೆಗೆದುಕೊಳ್ಳಲಿಲ್ಲ.

ಅಣ್ಣ ಊರಿನಿಂದ ಫೋನು ಮಾಡಿದ. ನಾನು ಈ ಸಲ ತೆಗೆದೆ.

"ಬಂದುಬಿಟ್ಟೆ," ಅಂದ. "ಇನ್ನು ಹೋಗ್ಲಿಕ್ಕಿಲ್ಲ ಕಾಣ್ತದೆ."

ಅವನಿಗೆ ಎಲ್ಲವನ್ನೂ ಹೇಳಿದೆ. ನೆರಳು, ಮೋಡ, ಮ್ಯಾನೇಜರ್ ಕೇಳಿದ್ದು, ನಾನು ಅವತ್ತು ಫೋನು ಕಟ್ ಮಾಡಿದ್ದು. ಬೈಯುತ್ತಾನೆ ಎಂದುಕೊಂಡೆ.

"ಅಷ್ಟು ಮೇಲಿನಿಂದ ನಮ್ಮ ಹಡಗು ಎಷ್ಟು ಮುಳುಗಿದೆ ಅಂತ ಕಾಣ್ತದಾ?" ಎಂದು ಕೇಳಿದ.

"ಬಿಸಿಲಿದ್ದರೆ ಕಾಣ್ತದೆ."

"ಮೋಡದ ವಾರದ್ದು ಮಾತ್ರ ಸಿಗಲಿಲ್ಲ ನಿನಗೆ."

"ಇಲ್ಲ."

"ಅದರಲ್ಲಿ ಎಂತ ಇತ್ತು ಅಂತ ಹೇಳ್ಲಾ? ಈಗ ಎಂತ ತೊಂದರೆ? ನಾನು ಹೊರಗೆ ಬಂದಾಯ್ತಲ್ಲ."

ಆ ಹೊತ್ತಿಗೆ ನನ್ನ ಪರದೆಯ ಮೇಲೆ ಅದೇ ಬಂದರಿನ ಹೊಸ ತಿಂಗಳ ಚಿತ್ರಗಳು ಇಳಿಯುತ್ತಿದ್ದವು.

"ಬೇಡ ಅಣ್ಣ," ಅಂದೆ. "ನಾನು ಇನ್ನೂ ಒಳಗೇ ಇದ್ದೇನೆ."